ಮಣ್ಣಿನ ಗಣಪನೂ ಮುಪ್ಪಿನ ಮೈಯೂ

ತುಮಕೂರಿನಿಂದ ಕುಣಿಗಲ್ಲಿನ ದಾರಿ ಹಿಡಿದವರಿಗೆ ಸ್ವಲ್ಪ ದೂರದಲ್ಲೇ ಎದುರಾಗುವ ಗೂಳೂರಿನಲ್ಲಿ, ಭಾದ್ರಪದದ ಚೌತಿ ಮುಗಿದು ನಾಡಿನ ಗಣಪತಿಗಳೆಲ್ಲ ನೀರು ಸೇರಿ ಎಷ್ಟೋ ದಿನಗಳಾದ ಮೇಲೆ, ಆಳೆತ್ತರವನ್ನು ಮೀರಿದ ಒಬ್ಬ ಮಣ್ಣಿನ ಗಣಪ ಬಲಿಪಾಡ್ಯಮಿಯಂದು ಪೂಜೆಗೆ ಕುಳಿತು, ಕಾರ್ತಿಕಮಾಸವಿಡೀ ಸುತ್ತಣ ಹಳ್ಳಿಗಳವರ ಕಾಯಿ-ಕರ್ಪೂರಗಳನ್ನು ಸ್ವೀಕರಿಸಿ, ಕಡೆಗೆ ಮೆರವಣಿಗೆಯಲ್ಲಿ ಹೊರಟು ಊರ ಕೆರೆಯಲ್ಲಿ ಕರಗುವನಷ್ಟೆ. ಅಂಥದೊಂದು ಕಾರ್ತಿಕದ ಸಂಜೆ ಆ ಸನ್ನಿಧಿಯಲ್ಲಿ ಇಬ್ಬರು ಮುದುಕರು ನೆಲದಿಂದ ಮೇಲೆದ್ದ ಬಗೆಯನ್ನು ಕಂಡೆ. ಮಡಿಪಂಚೆಯ ಯಜಮಾನರೊಬ್ಬರು ಮೊದಲು ಒಂದು ಮಗ್ಗುಲಿಗೆ ವಾಲಿ, ಅಂಗೈಯನ್ನು ನೆಲಕ್ಕೂರಿ, ಒಂದು ಮೊಣಕಾಲೆತ್ತಿ, ಅದರ ಮೇಲೆ ಎರಡೂ ಕೈಗಳ ಭಾರ ಹಾಕಿ, ಮೊಮ್ಮಗನು ರಟ್ಟೆ ಹಿಡಿದೆತ್ತಿದ ಮೇಲೆ ನೆಟ್ಟಗಾದರು. ವಯಸ್ಸಿನಲ್ಲಿ ಅವರಿಗಿಂತ ಕಿರಿಯಳೆಂದು ಹೇಳಲಾಗದ, ಕುಕ್ಕರಗಾಲಿನಲ್ಲಿ ಕುಳಿತು ಹೂವು ಮಾರುತ್ತಿದ್ದ ಮುದುಕಿ, ಉಳಿದ ಹೂವಿನ ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು ಒಂದೇ ಉಸುರಿಗೆ ಎದ್ದು ನಡೆದಳು.

ಮುಪ್ಪು ಇಬ್ಬರಿಗೂ ಬಂದಿತ್ತು. ಆದರೆ ಅದು ಇಬ್ಬರ ತೊಡೆಗಳಲ್ಲಿ ಒಂದೇ ತೆರನಾಗಿ ಕೆಲಸ ಮಾಡಿರಲಿಲ್ಲ.

ನಮ್ಮ ಮೈತೂಕದ ನೂರರಲ್ಲಿ ನಲವತ್ತರಷ್ಟು ಪಾಲು ಎಲುಬಿಗಂಟಿದ ಸ್ನಾಯುಗಳದು. ಒಂದೊಂದು ಸ್ನಾಯುವೂ ಕೂದಲೆಳೆಯಷ್ಟು ಸೂಕ್ಷ್ಮವಾದ ತಂತುಗಳ ಕಟ್ಟು. ತಂತುವಿನೊಳಗೆ ಆಕ್ಟಿನ್ ಮತ್ತು ಮಯೋಸಿನ್ ಎಂಬೆರಡು ಪ್ರೋಟೀನುಗಳ ಎಳೆಗಳು ಒಂದರ ಪಕ್ಕದಲ್ಲೊಂದು ಜೋಡಣೆಗೊಂಡಿವೆ. ಸ್ನಾಯು ಸಂಕೋಚಿಸುವಾಗ ಈ ಎಳೆಗಳು ಸ್ವತಃ ಕುಗ್ಗದೆ, ಒಂದರೊಳಗೊಂದು ಜಾರಿಕೊಳ್ಳುತ್ತವೆಂಬುದನ್ನು 1954ರಲ್ಲಿ ಎರಡು ಬೇರೆ ಬೇರೆ ತಂಡಗಳು ಏಕಕಾಲಕ್ಕೆ ಪ್ರಕಟಿಸಿದುವು. ವಿಚಿತ್ರವೆಂದರೆ ಎರಡು ತಂಡಗಳಲ್ಲಿಯೂ ಹಕ್ಸ್‌ಲಿ ಎಂಬ ಹೆಸರಿನವರೊಬ್ಬರಿದ್ದರು, ಅವರಿಬ್ಬರಿಗೂ ನೆಂಟಸ್ತನವಿರಲಿಲ್ಲ. ಬಾವಿಯಿಂದ ನೀರು ಸೇದುವವರು ಹಗ್ಗವನ್ನು ಹಿಡಿದೆಳೆದು, ಬಿಟ್ಟು, ಮತ್ತೆ ಮುಂದಕ್ಕೆ ಹಿಡಿದೆಳೆಯುವಂತೆ, ಮಯೋಸಿನ್ನಿನ ಅಸಂಖ್ಯ ಕೈಗಳು ಆಕ್ಟಿನ್ನನ್ನು ಸೇದುತ್ತವೆ.

ತಂತುಗಳಲ್ಲಿ ಎರಡು ಮುಖ್ಯ ಜಾತಿಗಳುಂಟು. ಮಂದಗತಿಯವು ದಣಿವರಿಯದೆ ದಿನವಿಡೀ ದುಡಿಯುವಂಥವು. ಶೀಘ್ರಗತಿಯವು ಕ್ಷಣಮಾತ್ರದಲ್ಲಿ ಬಲವನ್ನೆಲ್ಲ ತೋರಿ ಬೇಗ ಸೋಲುವಂಥವು. ಇವುಗಳಿಗೆ ಅಪ್ಪಣೆ ಕೊಡುವ ನರಕೋಶಗಳು ಬೆನ್ನುಹುರಿಯಲ್ಲಿವೆ, ಒಂದೊಂದರ ಆಳ್ವಿಕೆಯಲ್ಲಿಯೂ ಹತ್ತಾರಿಂದ ಸಾವಿರಾರು ತಂತುಗಳು. ಅರವತ್ತು ದಾಟಿದ ತರುವಾಯ ಈ ನರಕೋಶಗಳು ಒಂದೊಂದಾಗಿ ಅಳಿಯತೊಡಗುತ್ತವೆ. ಆಗ ಅನಾಥವಾದ ತಂತುಗಳನ್ನು ನೆರೆಯ ನರವು ಹೊಸ ಕವಲು ಚಾಚಿ ದತ್ತು ಪಡೆಯುವುದುಂಟು. ಆದರೆ ಸಾಮಾನ್ಯವಾಗಿ ಹೀಗೆ ಸಾಕುವ ತಾಯಿಯು ಮಂದಗತಿಯ ಕುಲದವಳಾದ್ದರಿಂದ ಸಾಕಿದ ಮಗುವೂ ಕ್ರಮೇಣ ಮಂದಗತಿಯದಾಗುತ್ತದೆ, ದತ್ತು ದೊರೆಯದುದು ಸೊರಗಿ ಮಾಯವಾಗುತ್ತದೆ. ಉಳಿದ ಶೀಘ್ರತಂತುಗಳೂ ತೆಳುವಾಗುತ್ತವೆ. ಮುದುಕರು ಮೆಲ್ಲನೆ ಎರಡು ಮೈಲಿ ನಡೆಯಬಲ್ಲವರಾಗಿಯೂ ಹೊಸಿಲು ಎಡವಿದಾಗ ಇನ್ನೊಂದು ಕಾಲನ್ನು ತಟಕ್ಕನೆ ಮುಂದಿಡಲಾರದೆ ಬೀಳುವುದು ಇದರಿಂದಲೇ. ಕಸುವಿಗಿಂತ ಮೊದಲು ಹೋಗುವುದು ಚುರುಕು. ಮಾಂಸಕ್ಕಿಂತ ಮೊದಲು ಹೋಗುವುದು ಕಸುವು.

ಇನ್ನು ಮಾಂಸದ ಲೆಕ್ಕ. ಗೂಳೂರಿನ ಗಣಪ ವರ್ಷಕ್ಕೊಮ್ಮೆ ಕರಗಿ ವರ್ಷಕ್ಕೊಮ್ಮೆ ಮೂಡಿದರೆ, ಸ್ನಾಯುವಿನ ಪ್ರೋಟೀನು ದಿನವೊಂದಕ್ಕೆ ನೂರಕ್ಕೆ ಒಂದೆರಡು ಪಾಲು ಕರಗಿ ಅಷ್ಟೇ ಹೊಸದಾಗಿ ಕಟ್ಟಲ್ಪಡುತ್ತದೆ. ಉಂಡ ಊಟವೂ ಹೊತ್ತ ಭಾರವೂ ಕಟ್ಟುವ ಕೆಲಸಕ್ಕೆ ಕರೆ ಕೊಡುತ್ತವೆ. ಮುಪ್ಪಿನಲ್ಲಿ ಕರಗುವಿಕೆ ಹೆಚ್ಚುವುದಕ್ಕಿಂತಲೂ, ಈ ಕರೆಗೆ ಓಗೊಡುವ ಕಿವಿ ಮಂದವಾಗುತ್ತದೆ. ಯೌವನದಲ್ಲಿ ಒಂದು ಮಾತಿಗೆ ಏಳುತ್ತಿದ್ದವನನ್ನು ಈಗ ಎರಡು ಬಾರಿ ಕೂಗಬೇಕು. ಹೀಗೆ ಕ್ಷಯಿಸುವ ಸ್ಥಿತಿಗೆ ಅಮೆರಿಕದ ಅರ್ವಿನ್ ರೋಸನ್‌ಬರ್ಗ್ ಅವರು 1988ರಲ್ಲಿ ಗ್ರೀಕ್ ಪದಗಳಿಂದ ಸಾರ್ಕೊಪೀನಿಯ ಎಂದು ಹೆಸರಿಟ್ಟರು. ಮಾಂಸದ ಬಡತನವೆಂದು ಅದರ ಅರ್ಥ.

ಈ ಬಡತನದಲ್ಲಿ ವಯಸ್ಸಿನ ಪಾಲೆಷ್ಟು, ಕುಳಿತಿರುವಿಕೆಯ ಪಾಲೆಷ್ಟು? 1966ರಲ್ಲಿ ಅಮೆರಿಕದ ಡಲ್ಲಾಸಿನಲ್ಲಿ ಇಪ್ಪತ್ತರ ಹರೆಯದ ಐವರು ಯುವಕರನ್ನು ಮೂರು ವಾರ ಹಾಸಿಗೆಯಲ್ಲಿ ಮಲಗಿಸಿ ಅವರ ಶ್ರಮಸಾಮರ್ಥ್ಯವನ್ನು ಅಳೆದರು. ಮೂವತ್ತು ವರ್ಷಗಳ ಮೇಲೆ ಅದೇ ಐವರನ್ನು ಮತ್ತೆ ಅಳೆದಾಗ, ಮೂರು ದಶಕಗಳು ಕಿತ್ತುಕೊಂಡದ್ದಕ್ಕಿಂತ ಆ ಮೂರು ವಾರಗಳು ಕಿತ್ತುಕೊಂಡದ್ದೇ ಹೆಚ್ಚೆಂದು ಕಂಡುಬಂತು. ಅದು ಸ್ನಾಯುವಿಗಿಂತ ಹೃದಯಕ್ಕೆ ಹೆಚ್ಚಾಗಿ ಸೇರಿದ ಮಾತೆಂದು ಒಪ್ಪಬೇಕು. ಸ್ನಾಯುವಿನ ಸಾಕ್ಷ್ಯವು ಬಾಸ್ಟನ್ನಿನದು. ಮರಿಯ ಫಿಯಟರೋನ್ ಎಂಬ ವೈದ್ಯೆಯೂ ಅವರ ಸಂಗಡಿಗರೂ ವೃದ್ಧಾಶ್ರಮವೊಂದರ ತೊಂಬತ್ತರ ಆಸುಪಾಸಿನ ಹತ್ತು ಮಂದಿ ದುರ್ಬಲರಿಂದ ಎಂಟು ವಾರ ತೂಕ ಎತ್ತಿಸಿ 1990ರಲ್ಲಿ ಫಲವನ್ನು ಪ್ರಕಟಿಸಿದರು: ತೊಡೆಯ ಬಲ ಸರಾಸರಿ ನೂರಕ್ಕೆ 174ರಷ್ಟು ಏರಿತ್ತು, ತೊಡೆಯ ಸ್ನಾಯುವಿನ ಗಾತ್ರವಾದರೋ ನೂರಕ್ಕೆ ಒಂಬತ್ತರಷ್ಟು ಮಾತ್ರ ಬೆಳೆದಿತ್ತು. ಮಾಂಸ ಬೆಳೆಯುವ ಮುನ್ನವೇ, ಮರೆತಿದ್ದ ತಂತುಗಳನ್ನು ಕೂಗಿ ಎಬ್ಬಿಸುವ ವಿದ್ಯೆಯನ್ನು ನರಗಳು ಮತ್ತೆ ಕಲಿತಿದ್ದುವು.

ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿ ಮಾಗಡಿ ಸೀಮೆಯ ಹುಲಿಕಲ್ಲಿಗೆ ಸೊಸೆಯಾಗಿ ಹೋದ ಸಾಲುಮರದ ತಿಮ್ಮಕ್ಕನವರು, ಕೂಲಿ ಮಾಡುತ್ತಲೇ ಗಂಡನೊಡನೆ ಕುದೂರಿನ ಹಾದಿಯ ಬದಿಗೆ ಆಲದ ಸಸಿಗಳನ್ನು ನೆಟ್ಟು, ಬಿಂದಿಗೆಗಳಲ್ಲಿ ನೀರು ಹೊತ್ತು, 385 ಮರಗಳನ್ನು ಸಾಕಿದವರು. ನೂರು ದಾಟಿದ ಮೇಲೆ, 2019ರಲ್ಲಿ ಪದ್ಮಶ್ರೀ ಸ್ವೀಕರಿಸುವಾಗ ರಾಷ್ಟ್ರಪತಿಗಳ ಹಣೆ ಮುಟ್ಟಿ ಹರಸಿದವರು. ಒಂದು ದೀರ್ಘಾಯುಸ್ಸು ಶಾಸ್ತ್ರಕ್ಕೆ ಪ್ರಮಾಣವಾಗದು, ಬಡವರ ದುಡಿಮೆಯನ್ನು ವ್ಯಾಯಾಮವೆಂದು ಹೊಗಳುವುದೂ ಸಲ್ಲದು. ಆದರೂ ಹೊತ್ತ ಬಿಂದಿಗೆಯನ್ನು ತೊಡೆ ಮರೆಯುವುದಿಲ್ಲ. ನಾವಾದರೋ ಹಿರಿಯರ ಮೇಲಣ ಪ್ರೀತಿಯಿಂದಲೇ, "ಅಜ್ಜೀ, ನೀವು ಸುಮ್ಮನೆ ಕೂತಿರಿ, ನಾವು ತರುತ್ತೇವೆ" ಎಂದು ಅವರ ಕೈಯ ಚೊಂಬನ್ನೂ ಕಿತ್ತುಕೊಳ್ಳುತ್ತೇವೆ.

ನಡಿಗೆ ಒಳ್ಳೆಯದೇ, ಆದರೆ ತೊಡೆಗೆ ಅಷ್ಟು ಸಾಲದು. ಗರಡಿಮನೆಯ ಬಸ್ಕಿಯಂಥದೇನಾದರೂ, ಕುರ್ಚಿಯ ಬೆನ್ನು ಹಿಡಿದುಕೊಂಡೇ ಆಗಲಿ, ವಾರಕ್ಕೆರಡು ಮೂರು ದಿನ ಬೇಕು. ಹೃದ್ರೋಗ, ರಕ್ತದೊತ್ತಡಗಳಿರುವವರು ವೈದ್ಯರನ್ನು ಕೇಳಿ ತೊಡಗತಕ್ಕದ್ದು. ಊಟದ ಮಾತಿಗೆ ಬಂದರೆ, ರಾಗಿಯಲ್ಲಿ ಪ್ರೋಟೀನು ನೂರಕ್ಕೆ ಏಳರಷ್ಟು, ಹುರುಳಿಯಲ್ಲಿ ಇಪ್ಪತ್ತೆರಡರಷ್ಟು; ಹಲ್ಲಿಲ್ಲವೆಂದು ಮುದುಕರಿಗೆ ತಿಳಿಸಾರು ಬಡಿಸಿ ಕಾಳನ್ನು ಪಾತ್ರೆಯಲ್ಲೇ ಉಳಿಸುವ ಮನೆಗಳು ಮುದ್ದೆಯ ಜೊತೆಗೆ ಹುರುಳಿಯನ್ನು ನುಣ್ಣಗೆ ಅರೆದಾದರೂ ಕೊಡಲಿ.

ಓದುಗರು ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳಬಹುದು. ಗೋಡೆಗಾನಿಸಿದ ಕುರ್ಚಿಯ ಮೇಲೆ ಕುಳಿತು, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಐದು ಬಾರಿ ಪೂರ್ತಿ ಎದ್ದು ಕುಳಿತು ಮಾಡಿರಿ. ಹನ್ನೆರಡು ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಹಿಡಿದರೆ ಸ್ನಾಯುಗಳ ಕಡೆ ಗಮನ ಕೊಡತಕ್ಕದ್ದೆಂದು ಏಷ್ಯದ ತಜ್ಞರು 2019ರಲ್ಲಿ ಗೊತ್ತುಮಾಡಿದ್ದಾರೆ.