ಅಲಗಿನ ಮೇಲಣ ಅಲೆಗಳು

ಆಯುಧಪೂಜೆಯಂದು ನಮ್ಮ ನಾಡಿನ ಕೆಲವು ಹಳೆಯ ಮನೆಗಳಲ್ಲಿ, ವರ್ಷವಿಡೀ ಪೆಟ್ಟಿಗೆಯ ಕತ್ತಲೆಯಲ್ಲಿ ಮಲಗಿದ್ದ ಪೂರ್ವಿಕರ ಕತ್ತಿಯೊಂದು ಹೊರಗೆ ಬರುತ್ತದೆ. ಅದನ್ನು ಹಿತ್ತಾಳೆಯ ಪಾತ್ರೆಯಂತೆ ಹುಣಸೆಹಣ್ಣು ಬೂದಿಗಳಿಂದ ತಿಕ್ಕಿ ಬೆಳಗಿ, ಅರಿಸಿನ ಕುಂಕುಮಗಳನ್ನಿಟ್ಟು, ತುದಿಗೊಂದು ನಿಂಬೆಯ ಹಣ್ಣನ್ನು ಚುಚ್ಚಿ, ಪೂಜೆ ಮುಗಿದ ಮೇಲೆ ಹಾಗೆಯೇ ಒರೆಗೆ ಸೇರಿಸಿಬಿಡುತ್ತಾರೆ. ಭಕ್ತಿಯಲ್ಲಿ ಲೋಪವಿಲ್ಲ. ಆದರೆ ಆ ಅಲಗು ಪ್ರಾಚೀನವಾದ ಅಲೆಗೆರೆಯ ಉಕ್ಕಿನದಾಗಿದ್ದರೆ, ರಣರಂಗದಲ್ಲಿ ಅದಕ್ಕೆ ಒದಗದ ಹಾನಿ ದೇವರ ಮನೆಯಲ್ಲಿ ಒದಗುತ್ತದೆ.

ಪಾಶ್ಚಾತ್ಯರು ವೂಟ್ಜ್ ಎಂದು ಕರೆದ ಈ ಲೋಹವು ನಮಗೆ ಪರಕೀಯವಲ್ಲ. ನಮ್ಮ 'ಉಕ್ಕು' ಎಂಬ ಶಬ್ದವೇ ಅವರ ನಾಲಗೆಯಲ್ಲಿ ಆ ರೂಪವನ್ನು ತಳೆಯಿತೆಂಬುದು ಬಹುಮಂದಿ ವಿದ್ವಾಂಸರ ಮತ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಗೆ ಇದರ ವಿಷಯವಾಗಿ ಪ್ರಬಂಧವನ್ನು ಸಲ್ಲಿಸಿದನು. ಮುಂದೆ ಮೈಕೇಲ್ ಫ್ಯಾರಡೆಯೂ ಇದರ ಮರ್ಮವನ್ನರಿಯಲು ಶ್ರಮಿಸಿದನು. ಟಿಪ್ಪುವಿನ ಪತನಾನಂತರ, 1800-01ರಲ್ಲಿ, ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಇಲ್ಲಿಯವರು ಕಬ್ಬಿಣದ ತುಂಡನ್ನು ತಂಗಡಿ ಗಿಡದ ಕಡ್ಡಿಯೊಡನೆಯೂ ಬಳ್ಳಿಯ ಹಸಿರೆಲೆಗಳೊಡನೆಯೂ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ಕುಲುಮೆಯಲ್ಲಿ ಕಾಯಿಸಿ ಉಕ್ಕು ಮಾಡುತ್ತಿದ್ದ ಕ್ರಮವನ್ನು ಸವಿಸ್ತಾರವಾಗಿ ಬರೆದಿಟ್ಟಿದ್ದಾನೆ.

ಮೂಸೆಯೊಳಗೆ ಕಬ್ಬಿಣವು ಆ ಕಡ್ಡಿಯ ಇಂಗಾಲವನ್ನು ಹೀರಿಕೊಂಡು, ಶೇಕಡ 1ರಿಂದ 2ರಷ್ಟು ಇಂಗಾಲವುಳ್ಳ ಉಕ್ಕಿನ ಗಟ್ಟಿಯಾಗುತ್ತಿತ್ತು. ಆ ಗಟ್ಟಿಯನ್ನು ಮಿತವಾದ ಕಾವಿನಲ್ಲಿ ಮತ್ತೆ ಮತ್ತೆ ಬಡಿದು ಅಲಗಾಗಿ ಎಳೆಯುವಾಗ, ಕಬ್ಬಿಣವೂ ಇಂಗಾಲವೂ ಕೂಡಿ ಉಂಟಾದ ಸಿಮೆಂಟೈಟ್ ಎಂಬ ಕಠಿನ ಕಣಗಳು ಸಾಲುಗಟ್ಟುತ್ತವೆ. ಅನಂತರ ಅಲಗನ್ನು ನುಣುಪುಗೊಳಿಸಿ, ಕಬ್ಬಿಣದ ಲವಣಗಳುಳ್ಳ ಖನಿಜದ ದ್ರಾವಣವನ್ನು ಲೇಪಿಸಿದರೆ, ಸುತ್ತಲಿನ ಉಕ್ಕು ಕಪ್ಪಾಗಿ, ಈ ಕಣಗಳ ಸಾಲುಗಳು ಮಾತ್ರ ಬೆಳ್ಳಗೆ ಉಳಿದು, ಹರಿಯುವ ನೀರಿನ ಅಲೆಗಳಂತೆ ತೋರುತ್ತವೆ. ಪರ್ಷಿಯನ್ನರು ಈ ಅಲೆಗೆರೆಯನ್ನೇ 'ಜೌಹರ್' ಎಂದರು. ಅಲೆಯು ಅಲಗಿನ ಒಡಲಲ್ಲೆಲ್ಲ ವ್ಯಾಪಿಸಿರುವುದಾದರೂ ಅದು ಕಣ್ಣಿಗೆ ಕಾಣುವುದು ಮೇಲ್ಮೈಯ ಈ ತೆಳುವಾದ ವರ್ಣಭೇದದಿಂದ. ಮರಳುಕಾಗದದಿಂದಲೋ ಸಾಣೆಯಿಂದಲೋ ತಿಕ್ಕಿದರೆ ಅಲೆ ಅಡಗಿ ಬರಿಯ ಹೊಳಪು ಉಳಿಯುತ್ತದೆ. ಹುಣಸೆ ನಿಂಬೆಗಳ ಹುಳಿಯು ಉಕ್ಕನ್ನು ಕಲೆಕಲೆಯಾಗಿ ಕಚ್ಚುತ್ತದೆ. ತಜ್ಞರು ಪುನಃ ದ್ರಾವಣ ಲೇಪಿಸಿ ಅಲೆಯನ್ನು ಎಬ್ಬಿಸಬಲ್ಲರು. ಸವೆದುಹೋದ ಉಕ್ಕನ್ನಾಗಲಿ, ಅದರೊಡನೆ ಅಳಿದ ಅಕ್ಷರಗಳನ್ನೂ ಚಿನ್ನದ ಕುಸುರಿಯನ್ನೂ ಆಗಲಿ ಯಾರೂ ಮರಳಿ ತರಲಾರರು.

ಆದುದರಿಂದ ಶುದ್ಧಿಗೆ ತೊಡಗುವವನು ಮೊದಲು ತುಕ್ಕಿನ ಜಾತಿಯನ್ನರಿಯಬೇಕು. ನುಣ್ಣನೆಯ ಕಪ್ಪು ಅಥವಾ ಕಡುಗಂದು ಪದರವು ಬಹುಕಾಲದಿಂದ ನೆಲೆನಿಂತುದು, ಅದನ್ನು ಮುಟ್ಟಬೇಕಾಗಿಲ್ಲ. ಬೆರಳಿಗೆ ಅಂಟುವ ಕೆಂಪು ಪುಡಿತುಕ್ಕು ಮಾತ್ರ ಇನ್ನೂ ಅಲಗನ್ನು ತಿನ್ನುತ್ತಿರತಕ್ಕದ್ದು. ಹೊಲಿಗೆ ಯಂತ್ರಕ್ಕೆ ಬಿಡುವ ತಿಳಿಯಾದ ಎಣ್ಣೆಯನ್ನು ಈ ಕೆಂಪು ತುಕ್ಕಿಗೆ ಸವರಿ, ಒಂದೆರಡು ದಿನ ನೆನೆಯಬಿಟ್ಟು, ಮೆತ್ತನೆಯ ಬಟ್ಟೆಯಿಂದಲೂ ಬಿದಿರಿನ ಕಡ್ಡಿಯಿಂದಲೂ, ಅಲಗಿನ ಉದ್ದಕ್ಕೇ ಹೊರತು ಅಡ್ಡಕ್ಕೆ ತಿಕ್ಕದೆ, ಸಾವಧಾನವಾಗಿ ಎತ್ತಬೇಕು. ಒಂದು ಸಲಕ್ಕೆ ಬಾರದಿದ್ದರೆ ಮತ್ತೆ ಎಣ್ಣೆ ಬಿಡಬೇಕಲ್ಲದೆ ಬಲವನ್ನು ಹೆಚ್ಚಿಸಬಾರದು. ಅಲಗನ್ನು ಬೆಂಕಿಗೆ ಹಿಡಿಯುವುದಂತೂ ಎರಡು ಬಗೆಯಿಂದ ಅನರ್ಥ: ಉಕ್ಕಿನ ಹದ ಕೆಡುತ್ತದೆ, ತಲವಾರಿನ ಹಿಡಿಯೊಳಗೆ ಅಲಗನ್ನು ಕಚ್ಚಿಹಿಡಿದಿರುವ ಅರಗೂ ಕರಗುತ್ತದೆ.

ಶುದ್ಧವಾದ ಅಲಗಿಗೆ ಮುಂದಿನ ಶತ್ರು ತೇವ. ಬೆವರಿನ ಉಪ್ಪು ಬೆರಳಚ್ಚಿನ ಆಕಾರದಲ್ಲಿಯೇ ತುಕ್ಕನ್ನು ಮೂಡಿಸುವುದರಿಂದ ಬರಿಗೈಯಿಂದ ಮುಟ್ಟದೆ ಹತ್ತಿಯ ಕೈಗವಸನ್ನು ಧರಿಸಬೇಕು. ತೆಂಗಿನೆಣ್ಣೆ, ಹರಳೆಣ್ಣೆಗಳು ಕಾಲಕ್ರಮದಲ್ಲಿ ಕೆಟ್ಟು ಜಿಗುಟಾಗುವುದರಿಂದ, ಖನಿಜ ತೈಲವನ್ನೋ ವಸ್ತುಸಂಗ್ರಹಾಲಯಗಳಲ್ಲಿ ಬಳಸುವ ಮೇಣವನ್ನೋ ತೆಳುವಾಗಿ ಸವರುವುದು ಉತ್ತಮ. ಚರ್ಮದ ಒರೆಯು ತೇವವನ್ನು ಹೀರಿ ಹಿಡಿದಿಡುತ್ತದೆ; ಆದಕಾರಣ ಒರೆಯನ್ನೂ ಅಲಗನ್ನೂ ಬೇರೆಬೇರೆಯಾಗಿ ಒಣಗಿದ ಸ್ಥಳದಲ್ಲಿರಿಸಿ, ಮಲೆನಾಡು ಕರಾವಳಿಗಳಲ್ಲಿ ವಿಶೇಷವಾಗಿ ಮಳೆಗಾಲದುದ್ದಕ್ಕೂ ಆಗಾಗ ನೋಡುತ್ತಿರಬೇಕು.

ಹಾಗಾದರೆ ಪೂಜೆಯನ್ನು ಬಿಡಬೇಕೆ? ಬಿಡಬೇಕಾಗಿಲ್ಲ. ಕತ್ತಿಯನ್ನು ಮಡಿವಸ್ತ್ರದ ಮೇಲೆ ಮಲಗಿಸಿ, ಅರಿಸಿನ ಕುಂಕುಮಗಳನ್ನು ಪಕ್ಕದ ಕಲಶಕ್ಕೆ ಇಟ್ಟು, ನಿಂಬೆಯ ಹಣ್ಣನ್ನು ತಟ್ಟೆಯಲ್ಲಿರಿಸಿದರೆ ಪೂಜೆಗೆ ಏನೂ ಕೊರತೆಯಾಗದು. ಮಂಗಳಾರತಿಯಾದ ಮೇಲೆ ಮನೆಯ ಹಿರಿಯರು ಒಣಬಟ್ಟೆಯಿಂದ ಅಲಗನ್ನು ಒರಸಿ, ಹನಿ ಎಣ್ಣೆ ಸವರಿ, ದೀಪದ ಬೆಳಕಿಗೆ ಓರೆಯಾಗಿ ಹಿಡಿದು, ತಂಗಡಿಯ ಕಡ್ಡಿಯಿಂದ ಹುಟ್ಟಿದ ಆ ಅಲೆಗಳನ್ನು ಮಕ್ಕಳಿಗೆ ತೋರಿಸಲಿ. ಮುಂದಿನ ವರ್ಷ ಅದನ್ನು ಒರಸಬೇಕಾದ ಕೈಗಳು ಅವರವೇ.