ಮುಂಗಾರಿನ ಮುನ್ಸೂಚನೆಯೂ ರಾಗಿಯ ಬಿತ್ತನೆಯೂ

ಪ್ರತಿ ವರ್ಷವೂ ಏಪ್ರಿಲ್ ಮಾಸದಲ್ಲಿ ಭಾರತ ಹವಾಮಾನ ಇಲಾಖೆಯವರು ಮುಂಗಾರು ಮಳೆಯ ಮುನ್ಸೂಚನೆಯನ್ನು ಹೊರಡಿಸುವುದು ಸರ್ವರಿಗೂ ತಿಳಿದ ವಿಷಯವೇ. ಧಾತು, ಈಶ್ವರ ಸಂವತ್ಸರಗಳ ಮಹಾಕ್ಷಾಮದ ತರುವಾಯ ಬ್ಲಾನ್‌ಫರ್ಡ್ ಎಂಬ ಅಧಿಕಾರಿಗಳು ಹಿಮಾಲಯದ ಹಿಮವನ್ನು ಆಧಾರವಾಗಿಟ್ಟುಕೊಂಡು ಈ ಕಾರ್ಯವನ್ನು ಆರಂಭಿಸಿದರು. ಕ್ರಮಬದ್ಧವಾದ ಮೊದಲನೆಯ ಮುನ್ಸೂಚನೆಯು 1886ನೆಯ ಇಸವಿ ಜೂನ್ 4ರಂದು ಪ್ರಕಟವಾಯಿತು.

ಆದರೆ ಅದರಲ್ಲಿ ಹೇಳುವ ಅಂಕಿಯು ಯಾವುದರ ಅಂಕಿಯೆಂದು ವಿಚಾರಿಸುವವರು ವಿರಳ. ಜೂನ್ ಮೊದಲ್ಗೊಂಡು ಸೆಪ್ಟೆಂಬರ್ ಕಡೆಯವರೆಗೆ ಇಡೀ ದೇಶಕ್ಕೆ ಬೀಳುವ ಮಳೆಯ ಸರಾಸರಿಯು, 1971ರಿಂದ 2020ರವರೆಗಿನ ಲೆಕ್ಕದಂತೆ, 87 ಸೆಂಟಿಮೀಟರು. ಇದರಲ್ಲಿ ನೂರಕ್ಕೆ 96ರಿಂದ 104ರಷ್ಟು ಬಂದರೆ ಸಾಧಾರಣ ಮಳೆಯೆನ್ನುತ್ತಾರೆ. ದೇಶಕ್ಕೆಲ್ಲ ಸಾಧಾರಣವಾದ ವರ್ಷದಲ್ಲಿಯೂ ಕೋಲಾರದ ಹೊಲವು ಒಣಗಬಹುದು. ಮೇಲಾಗಿ ಕೋಲಾರ, ತುಮಕೂರು, ಬೆಂಗಳೂರು ಸೀಮೆಗಳಲ್ಲಿ ಮಳೆಯು ಬಲವಾಗುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ರಾಗಿಯ ತೆನೆಗೆ ಬೇಕಾದ ಅಕ್ಟೋಬರ್ ಮಳೆಯು ಆ ಅಂಕಿಯೊಳಗೆ ಸೇರಿಯೇ ಇಲ್ಲ.

2002ರಲ್ಲಿ ನೂರಕ್ಕೆ 101ರಷ್ಟು ಮಳೆಯಾದೀತೆಂದು ತಿಳಿಸಲಾಗಿತ್ತು; ಆದದ್ದು 81. ಜುಲೈ ಮಳೆಯಂತೂ ಸರಾಸರಿಯ ಅರ್ಧದಷ್ಟಾಯಿತು. ಇಂತಹ ವರ್ಷದಲ್ಲಿ ಆ ಒಂದೇ ಅಂಕಿಯನ್ನು ನಂಬಿ ಬೀಜ ಗೊಬ್ಬರಗಳಿಗೆ ಸಾಲಮಾಡಿದವನಿಗೆ ಕೊನೆಗೆ ಉಳಿಯುವುದು ಸಾಲ. ಮರುವರ್ಷವೇ ಇಲಾಖೆಯವರು ಲೆಕ್ಕದ ವಿಧಾನವನ್ನು ಬದಲಾಯಿಸಿದರು. ಪಂಚಾಂಗದ ಮಳೆಫಲಕ್ಕೆ ಈ ಗುಣವಿಲ್ಲವೆಂಬುದನ್ನು ಗಮನಿಸತಕ್ಕದ್ದು.

ಆದಕಾರಣ ಏಪ್ರಿಲ್ ಮುನ್ಸೂಚನೆಯಿಂದ ಮೇವಿನ ಬಣವೆಯನ್ನೂ ಬೀಜದ ಸಂಗ್ರಹವನ್ನೂ ಯೋಚಿಸಬಹುದೇ ಹೊರತು ಬಿತ್ತನೆಯ ದಿನವನ್ನು ಗೊತ್ತುಮಾಡಲಾಗದು. ಅದಕ್ಕೆ ಬೇರೆ ಪತ್ರಿಕೆಗಳಿವೆ. ಮುಂದಿನ 4 ವಾರಗಳ ಅಂದಾಜನ್ನು ಪ್ರತಿ ಗುರುವಾರವೂ ಪ್ರಕಟಿಸುತ್ತಾರೆ; ಮಂಗಳವಾರ ಮತ್ತು ಶುಕ್ರವಾರಗಳಂದು 5 ದಿನಗಳ ಹವೆಯೊಡನೆ ಬೇಸಾಯದ ಸಲಹೆಯೂ ಬರುತ್ತದೆ. ಜುಲೈ ಕಳೆಯುತ್ತ ಬಂದರೂ ಕೂರಿಗೆ ಹೂಡುವ ಹದವಾಗದೆ, 4 ವಾರದ ಅಂದಾಜೂ ಒಣಹವೆಯನ್ನೇ ತೋರಿಸಿದರೆ, 4 ತಿಂಗಳ ಎಂ.ಆರ್. 1 ರಾಗಿಯ ಆಸೆಯನ್ನು ಬಿಟ್ಟು, ಸುಮಾರು 100 ದಿನಗಳಲ್ಲಿ ಬರುವ ಜಿ.ಪಿ.ಯು. 48ರ ಬೀಜವನ್ನು ಹೊಂದಿಸಿಕೊಳ್ಳುವುದು ಲೇಸು. ಬಿತ್ತಿದ ಮೇಲೆ 5 ದಿನದ ಸೂಚನೆಯೇ ಮುಖ್ಯ. ಜಡಿಮಳೆ ಬರುವುದೆಂದಿದ್ದರೆ ಯೂರಿಯಾ ಮೇಲುಗೊಬ್ಬರವನ್ನು ತಡೆಯಬೇಕು. ಇಲ್ಲವಾದರೆ ಹಣವು ನೀರಿನೊಡನೆ ಹಳ್ಳಕ್ಕೆ ಹರಿಯುವುದು.

ಊರಿನ ಮುಖಂಡರು ಶುಕ್ರವಾರದ ಸಲಹೆಯನ್ನು ಪಂಚಾಯಿತಿಯ ಗೋಡೆಯ ಮೇಲೆ ಬರೆಯಿಸಿದರೆ ಓದಲು ಬಾರದವರೂ ಕೇಳಿ ತಿಳಿಯುವರು. ತಮ್ಮ ಹೋಬಳಿಯ ಮಳೆಯ ವಿವರವನ್ನು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಸೇವೆಯಲ್ಲಿ ದೂರವಾಣಿಯ ಮೂಲಕ ವಿಚಾರಿಸಬಹುದು.