ಕೆಸರುಹೊಳೆಯ ಮಡುಗಳಲ್ಲಿ ಮೀಸೆಮೀನು

ಕ್ಯಾಟ್‌ಫಿಶ್ ಎಂದೊಡನೆ ನಮಗೆ ನೆನಪಾಗುವುದು ನಿಷೇಧವಿದ್ದರೂ ಹೊಂಡಗಳಲ್ಲಿ ಕದ್ದು ಸಾಕುವ ಆಫ್ರಿಕನ್ ತಳಿ, ಅದರ ಮೇಲೆ ಅಧಿಕಾರಿಗಳ ದಾಳಿ. ಅಮೆರಿಕದ ಮಿಸೌರಿ ನದಿಯಲ್ಲಿ ಮೀಸೆಮೀನುಗಳಿಗೆ ಸಿಗುವ ಮರ್ಯಾದೆಯೇ ಬೇರೆ. 1804ರ ಜುಲೈನಲ್ಲಿ ಈ ನದಿಯ ಗುಂಟ ಹೊರಟಿದ್ದ ಲೂಯಿಸ್ ಮತ್ತು ಕ್ಲಾರ್ಕ್ ಎಂಬ ಅನ್ವೇಷಕರ ತಂಡ, ಬಿಳಿ ಕ್ಯಾಟ್‌ಫಿಶ್ ಗಾಳಕ್ಕೆ ಬಿದ್ದ ಬಿಡಾರಕ್ಕೆ ಆ ಮೀನಿನ ಹೆಸರನ್ನೇ ಇಟ್ಟಿತು. ಮಿಸೌರಿ ರಾಜ್ಯದ ಅಧಿಕೃತ ಮೀನೂ ಇದೇ ಬಳಗದ ಚಾನೆಲ್ ಕ್ಯಾಟ್‌ಫಿಶ್.

ಇಲ್ಲಿ ಗಾಳ ಎಸೆಯುವುದನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಎಲ್ಲಿ ಎಸೆಯಬೇಕೆಂಬುದೇ ನಿಜವಾದ ವಿದ್ಯೆ. ಹೊಳೆಯ ಉದ್ದ 3,700 ಕಿ.ಮೀ.ಗೂ ಹೆಚ್ಚು, ನೀರೋ ಕದಡಿದ ಕೆಸರು. ಕಣ್ಣು ಹೆಚ್ಚು ನೆರವಾಗದ ಆ ಮಬ್ಬಿನಲ್ಲಿ ಕ್ಯಾಟ್‌ಫಿಶ್ ಸಲೀಸಾಗಿ ಬದುಕುತ್ತದೆ. ಹುರುಪೆಯಿಲ್ಲದ ಅದರ ಮೈತುಂಬ ರುಚಿಮೊಗ್ಗುಗಳಿವೆ, ಮೀಸೆಗಳಲ್ಲಿ ಇನ್ನಷ್ಟು ಒತ್ತಾಗಿ. ಅದಕ್ಕೇ ಬಲ್ಲವರು ಮೀನಿರುವ ಜಾಗಕ್ಕಿಂತ ಮೇಲ್ಗಡೆ ಲಂಗರು ಹಾಕಿ, ಎರೆಯ ವಾಸನೆಯನ್ನು ಸೆಳವಿನ ಜೊತೆ ಕೆಳಕ್ಕೆ ಬಿಡುತ್ತಾರೆ.

ಆ ಜಾಗ ಗೊತ್ತಾಗುವುದು ಹೇಗೆ? ಬಾರ್ಜ್‌ಗಳು ಓಡಾಡಲೆಂದು ಸೇನೆಯ ಎಂಜಿನಿಯರುಗಳು ಸೂ ಸಿಟಿಯಿಂದ ಸೇಂಟ್ ಲೂಯಿಸ್‌ವರೆಗೆ ನದಿಯನ್ನು ಬಿಗಿದು, ದಡದಿಂದ ನಡುನೀರಿನತ್ತ ಕಲ್ಲಿನ ಅಡ್ಡಗಟ್ಟೆಗಳನ್ನು ಚಾಚಿದರು. ವಿಂಗ್ ಡೈಕ್ ಎನ್ನುತ್ತಾರೆ. ಇದರಿಂದ ಹೊಳೆಯ ಅಗಲ ಕುಗ್ಗಿತು, ಮರಿಗಳಿಗೆ ಆಸರೆಯಾಗಿದ್ದ ಎಷ್ಟೋ ಕವಲುಗಳು ಇಲ್ಲವಾದವು. ಆ ನಷ್ಟ ಸಣ್ಣದಲ್ಲ. ಆದರೆ ಗಟ್ಟೆಯ ತುದಿಯನ್ನು ಬಳಸಿ ನುಗ್ಗುವ ನೀರು ಅದರ ಕೆಳಗೆ ತಳ ಕೊರೆದು ಮಡು ಮಾಡಿತು. ನೀರಿನ ಮೇಲೆ ಕಣ್ಣಿಟ್ಟರೆ ಓಡುವ ಸೆಳವಿಗೂ ತಿರುಗಿ ಬರುವ ಸುಳಿಗೂ ನಡುವೆ ಒಂದು ಗೆರೆ ಕಾಣುತ್ತದೆ. ಬೇಟೆಗೆ ನಿಂತ ನೀಲಿ ಕ್ಯಾಟ್‌ಫಿಶ್ ಸಿಗುವುದು ಆ ಗೆರೆಯ ಅಡಿಯಲ್ಲಿ, ಮಡುವಿನ ಅಂಚಿನಲ್ಲಿ. ಫ್ಲಾಟ್‌ಹೆಡ್ ಎಂಬ ಚಪ್ಪಟೆ ತಲೆಯದು ಬೇರೆ ಜಾತಿ. ಕೊಚ್ಚಿಬಂದ ಮರದ ದಿಮ್ಮಿಗಳ ಸಂದಿಯಲ್ಲಿ ಅಡಗುವ ಅದಕ್ಕೆ ಜೀವಂತ ಮೀನೇ ಆಗಬೇಕು. ಹೊಳೆ ಏರತೊಡಗಿದರೆ ಲೆಕ್ಕ ಬದಲು: ಮೀನು ದಡದತ್ತ ಸರಿಯುತ್ತದೆ, ಇಳಿಯುವಾಗ ಆಳಕ್ಕೆ ಮರಳುತ್ತದೆ.

ಲಂಗರನ್ನು ದೋಣಿಯ ಮೂತಿಗೇ ಕಟ್ಟಬೇಕು. ಹಿಂಬದಿಗೆ ಕಟ್ಟಿದರೆ ಸೆಳವು ದೋಣಿಯನ್ನೇ ಮುಳುಗಿಸೀತು. ಎರೆ ತಳದಲ್ಲಿ ನಿಲ್ಲುವಷ್ಟು ಭಾರದ ಸೀಸ, ಒಳಕ್ಕೆ ಬಾಗಿದ ಮೊನೆಯ ಸರ್ಕಲ್ ಕೊಕ್ಕೆ, ಅದಕ್ಕೆ ಹಸಿ ಮೀನಿನ ತುಂಡು. ಕೋಲಿನ ತುದಿ ಅದುರಿದಾಗ ಎಳೆಯಬಾರದು. ಮೀನು ಕಚ್ಚಿಕೊಂಡು ತಿರುಗಿ ಹೊರಟಾಗ ಕೋಲು ತಾನಾಗಿ ಬಾಗುತ್ತದೆ, ಕೊಕ್ಕೆ ಬಾಯಿಯ ಮೂಲೆಗೆ ಸಿಗುತ್ತದೆ. ಅವಸರದಲ್ಲಿ ಜಗ್ಗಿದವರ ಕೈಗೆ ಬರುವುದು ಬರೀ ಕೊಕ್ಕೆ.

2010ರ ಜುಲೈನಲ್ಲಿ ಮಿಸಿಸಿಪ್ಪಿ ಸಂಗಮದ ಸಮೀಪ ಇದೇ ನದಿಯಲ್ಲಿ 59 ಕೆ.ಜಿ.ಯ ನೀಲಿ ಕ್ಯಾಟ್‌ಫಿಶ್ ಸಿಕ್ಕಿತು. ಎರೆಯಾಗಿದ್ದುದು ಹೊರನಾಡಿನಿಂದ ಬಂದು ನದಿಗೆ ಪಿಡುಗಾದ ಬೆಳ್ಳಿಗೆಂಡೆಯ ತುಂಡು. ಅಷ್ಟು ಬೆಳೆಯಲು ದಶಕಗಳೇ ಬೇಕು. ಮಿಸೌರಿ ರಾಜ್ಯ 1992ರಲ್ಲಿ ಈ ನದಿಯಲ್ಲಿ ಮಾರಾಟಕ್ಕಾಗಿ ಕ್ಯಾಟ್‌ಫಿಶ್ ಹಿಡಿಯುವುದನ್ನು ನಿಲ್ಲಿಸಿತು. ಬಿಲಕ್ಕೆ ಕೈ ಹಾಕಿ ಹಿಡಿಯುವುದಕ್ಕೂ ಅಲ್ಲಿ ಅನುಮತಿಯಿಲ್ಲ, ಮೊಟ್ಟೆ ಕಾಯುತ್ತ ಬಿಲದಲ್ಲಿ ಕೂತಿರುವುದು ಗಂಡು. ಎರಡೂ ಸರಿಯಾದ ನಿರ್ಧಾರಗಳೆಂದೇ ನನ್ನ ನಂಬಿಕೆ. ಬಹಳಷ್ಟು ಹವ್ಯಾಸಿಗಳು ಈಗ ಊಟಕ್ಕೆ ಚಿಕ್ಕವನ್ನು ಇಟ್ಟುಕೊಂಡು, ದೊಡ್ಡವನ್ನು ತೂಗಿ ನೀರಿಗೆ ಬಿಡುತ್ತಾರೆ.